ಹಾರುವ ತಟ್ಟೆ ಮತ್ತು ತಡವಾಗಿ ಬಂದ ನಿಜ

ನಿಮಗೆ ‘ತೋಳ ಬಂತು ತೋಳ’ ಕಥೆ ಗೊತ್ತಲ್ವಾ? ಅದೇ ಕಥೆ ಅಮೆರಿಕದಲ್ಲಿ ಒಂದು ಸರ್ಕಾರಕ್ಕೇ ಆಯ್ತು.

1947ರ ಜುಲೈ 8. ನ್ಯೂ ಮೆಕ್ಸಿಕೋದ ರಾಸ್‌ವೆಲ್ ವಾಯುನೆಲೆ ಒಂದು ಪ್ರಕಟಣೆ ಕೊಡ್ತು: ನಮಗೆ ‘ಹಾರುವ ತಟ್ಟೆ’ ಸಿಕ್ಕಿದೆ! ಮರುದಿನದ ಹೊತ್ತಿಗೆ ಮಾತು ಬದಲು. ತಟ್ಟೆ ಅಲ್ಲ, ಹವಾಮಾನ ಬಲೂನು ಅಷ್ಟೇ. ಜನ ನಂಬಿದ್ರು, ಮರೆತೂಬಿಟ್ರು.

ಸುಮಾರು 30 ವರ್ಷ ಆದ್ಮೇಲೆ, ಆ ಚೂರುಗಳನ್ನ ಎತ್ತಿ ತಂದಿದ್ದ ಸೇನಾಧಿಕಾರಿ ಜೆಸ್ಸಿ ಮಾರ್ಸೆಲ್ ‘ಬಲೂನು ಅಂದಿದ್ದು ಕಟ್ಟುಕಥೆ’ ಅಂದ್ರು. ಅನುಮಾನ ಹೊತ್ತಿಕೊಂಡಿತು.

ಸಂಸದ ಸ್ಟೀವನ್ ಶಿಫ್ ಉತ್ತರ ಕೇಳಿ ಪಟ್ಟು ಹಿಡಿದ ಮೇಲೆ, 1994ರಲ್ಲಿ ವಾಯುಪಡೆ ಬಾಯಿಬಿಟ್ಟಿತು. ಅದು ‘ಪ್ರಾಜೆಕ್ಟ್ ಮೋಗಲ್’. ಸೋವಿಯತ್ ಅಣುಬಾಂಬ್ ಪರೀಕ್ಷೆಯ ಸದ್ದನ್ನ ಎತ್ತರದಿಂದ ಕದ್ದು ಕೇಳೋಕೆ ಮೈಕ್ ಕಟ್ಟಿ ಬಿಟ್ಟಿದ್ದ ಗುಟ್ಟಿನ ಬಲೂನುಗಳು.

ಜನ ಒಪ್ಪಿದ್ರಾ? ಇಲ್ಲ! 1997ರ ಎರಡನೇ ವರದಿ, ಜನ ನೋಡಿದ್ವಿ ಅಂತಿದ್ದ ‘ಶವಗಳು’ ಪ್ಯಾರಾಚೂಟ್ ಪರೀಕ್ಷೆಯ ಗೊಂಬೆಗಳು ಅಂತು. ಆದ್ರೆ ಆ ಗೊಂಬೆಗಳನ್ನ ಬೀಳಿಸಿದ್ದು 1950ರ ದಶಕದಲ್ಲಿ! ಜನ ನಕ್ಕರು. ಅದೇ ತಿಂಗಳ ಟೈಮ್-ಸಿಎನ್‌ಎನ್ ಸಮೀಕ್ಷೆಯಲ್ಲಿ ಶೇ 80ರಷ್ಟು ಮಂದಿ, ಅನ್ಯಗ್ರಹ ಜೀವಿಗಳ ವಿಷಯ ಸರ್ಕಾರ ಮುಚ್ಚಿಡ್ತಿದೆ ಅಂದ್ರು.

ಸಾಕ್ಷಿ ನೋಡಿದ್ರೆ ಬಲೂನಿನ ಉತ್ತರವೇ ಗಟ್ಟಿ. ಶೀತಲ ಸಮರದಲ್ಲಿ ಗುಟ್ಟು ಕಾಯೋಕೆ ಕಾರಣವೂ ಇತ್ತು. ಆದ್ರೆ 47 ವರ್ಷ ತಡವಾಗಿ ಬಂದ ನಿಜಾನೂ ಸುಳ್ಳಿನ ಥರಾನೇ ಕೇಳಿಸ್ತು.

ಮುಂದೆ ಯಾವುದೇ ಸರ್ಕಾರ ‘ಫೈಲ್ ತೆರೆದಿದ್ದೀವಿ’ ಅಂದಾಗ, ‘ಏಲಿಯನ್ ಇದ್ಯಾ?’ ಅಂತ ಮಾತ್ರ ಕೇಳಬೇಡಿ. ‘ಇಷ್ಟು ದಿನ ಏನು ಹೇಳಿದ್ರಿ, ಯಾಕೆ?’ ಅಂತಾನೂ ಕೇಳಿ.