ಪಿಕ್‌ನಿಕ್‌ನಲ್ಲಿ ಶುರುವಾದ ಬಾಣಂತನ

"ಅಣ್ಣಾ, ಹಾಲೇ ಬರ್ತಿಲ್ಲ." ಹೆರಿಗೆಯಾದ ಮೂರನೇ ರಾತ್ರಿ, ಎರಡು ಗಂಟೆಗೆ ತಂಗಿಯ ಫೋನ್. ಅತ್ತ ಮಗುವೂ ಅಳ್ತಿದೆ, ಇವಳೂ ಅಳ್ತಿದ್ದಾಳೆ. ಆಸ್ಪತ್ರೆಯಲ್ಲಿ ಹೇಳಿದ್ದು ಒಂದೇ ಮಾತಂತೆ: ಡಬ್ಬಿ ಹಾಲು ಕೊಡಿ. ಇಂಜಿನಿಯರಿಂಗ್ ಓದಿದ ಅಣ್ಣನಿಗೆ ಏನು ಗೊತ್ತು? ಫೋನ್ ಅಮ್ಮನ ಕೈಗೆ ಕೊಟ್ಟೆ. ಮಗುವನ್ನು ಹೇಗೆ ಹಿಡ್ಕೋಬೇಕು, ಬಾಯಿ ಎಷ್ಟು ಅಗಲ ತೆರೆದ ಮೇಲೆ ಎದೆಗೆ ಹಚ್ಚಬೇಕು ಅಂತ ಅಮ್ಮ ಅರ್ಧ ಗಂಟೆ ಹೇಳಿಕೊಟ್ಟರು.

ಹಾಗೆ ಹೇಳಿಕೊಡೋಕೆ ಅಮ್ಮನಿಗೇ ಗೊತ್ತಿಲ್ಲದಿದ್ದರೆ?

ಅಮೆರಿಕದಲ್ಲಿ ಆಗಿದ್ದು ಅದೇ. 1950ರ ದಶಕದ ಮಧ್ಯದಲ್ಲಿ ಅಲ್ಲಿ ಎದೆಹಾಲು ಕುಡಿಸುತ್ತಿದ್ದವರು ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಬಡತನವಾ? ಅಲ್ಲ ಸ್ವಾಮಿ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಗಿತ್ತು. ಹುಟ್ಟಿದ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ತಾಯಿಗೆ ತಂದುಕೊಡುತ್ತಿದ್ದರು. ನಡುವೆ ಅತ್ತರೆ ಬಾಟಲಿ. ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಫೀಡ್‌ಬ್ಯಾಕ್ ಲೂಪ್. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾಟಲಿ ಹಿಡಿದರೆ ಚೀಪೋದು ಕಮ್ಮಿ, ಹಾಲೂ ಕಮ್ಮಿ. ಕೊನೆಗೆ "ನಿಮಗೆ ಹಾಲಿಲ್ಲ" ಅನ್ನೋ ತೀರ್ಪು! ಬಾಟಲಿಯಲ್ಲೇ ಮಕ್ಕಳನ್ನು ಬೆಳೆಸಿದ ಅಮ್ಮಂದಿರು ಮಗಳಿಗೆ ಏನು ತಾನೇ ಹೇಳಿಕೊಟ್ಟಾರು?

1956ರ ಬೇಸಿಗೆ. ಷಿಕಾಗೋ ಬಳಿಯ ಎಲ್ಮ್‌ಹರ್ಸ್ಟ್‌ನಲ್ಲಿ ಒಂದು ಪಿಕ್‌ನಿಕ್. ಮೇರಿ ವೈಟ್, ಮೇರಿಯನ್ ಟಾಂಪ್‌ಸನ್ ಎಂಬ ಇಬ್ಬರು ತಾಯಂದಿರು ಮರದ ಕೆಳಗೆ ಕೂತು ಮಕ್ಕಳಿಗೆ ಹಾಲು ಕುಡಿಸುತ್ತಿದ್ದರು. ಬೇರೆ ಹೆಂಗಸರು ಹತ್ತಿರ ಬಂದು, ನಮಗೂ ಆಸೆಯಿತ್ತು, ಆಗಲಿಲ್ಲ ಅಂತ ಹೇಳಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಫ್ರಾಂಕ್ಲಿನ್ ಪಾರ್ಕ್‌ನ ಮೇರಿ ವೈಟ್ ಮನೆಯಲ್ಲಿ ಮೊದಲ ಸಭೆ. ಒಟ್ಟು ಏಳು ಜನ ಸ್ಥಾಪಕಿಯರು. ಯಾರೂ ಡಾಕ್ಟರ್ ಅಲ್ಲ, ಎಲ್ಲರೂ ಮಕ್ಕಳಿಗೆ ಹಾಲೂಡಿಸಿದ ತಾಯಂದಿರು, ಅಷ್ಟೇ. ಅವರಲ್ಲಿ ಎಡ್ವಿನಾ ಫ್ರೋಲಿಕ್ ಮೊದಲ ಮಗು ಹೆತ್ತಾಗ ವಯಸ್ಸು 36.

ಹೆಸರಿಡೋದೇ ದೊಡ್ಡ ತಲೆನೋವಾಯ್ತು. "ಸ್ತನ" ಅನ್ನೋ ಪದವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಮುಜುಗರಪಡುತ್ತಿದ್ದ ಕಾಲ ಅದು. ಹಾಗಾಗಿ ಸ್ಪ್ಯಾನಿಷ್‌ನಲ್ಲಿ ಹಾಲು ಎಂಬರ್ಥದ "ಲಾ ಲೆಚೆ" ಪದ ಹಿಡಿದು "ಲಾ ಲೆಚೆ ಲೀಗ್" ಅಂದರು. ಸಭೆಗೆ ಬರಲಾಗದವರು ಫೋನ್ ಮಾಡುತ್ತಿದ್ದರು. 1958ರಲ್ಲಿ ಪುಸ್ತಕವೂ ಬಂತು.

ಈ ಚಳವಳಿಯ ಮೇಲೆ ಒಂದು ಆಕ್ಷೇಪ ಉಂಟು, ನನಗದು ಸರಿಯೇ ಅನ್ನಿಸುತ್ತೆ. ಎಷ್ಟು ಪ್ರಯತ್ನಪಟ್ಟರೂ ಸಾಲುವಷ್ಟು ಹಾಲು ಬರದ ತಾಯಂದಿರು ನಿಜವಾಗಿಯೂ ಇದ್ದಾರೆ. ಡಬ್ಬಿ ಹಾಲು ಕೊಟ್ಟ ಅವರನ್ನು ಅಪರಾಧಿ ಥರ ನೋಡೋದು ಅನ್ಯಾಯ. ಆದರೆ ಯಾರೂ ಹೇಳಿಕೊಡದೇ, ಪ್ರಯತ್ನಿಸಲೂ ಬಿಡದೇ ಡಬ್ಬಿ ಕೈಗಿಡೋದು ಬೇರೆ ಮಾತು. ಡಬ್ಬಿ ಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ವಿಶ್ವ ಆರೋಗ್ಯ ಸಭೆ 1981ರಲ್ಲಿ ಒಪ್ಪಿತು. ನಮ್ಮ ಸಂಸತ್ತು 1992ರಲ್ಲಿ ಕಾನೂನನ್ನೇ ಮಾಡಿತು. ಆ ರಾತ್ರಿ ತಂಗಿಗೆ ಸಲಹೆ ಕೊಟ್ಟವರಿಗೆ ಇದು ಗೊತ್ತಿತ್ತೋ ಇಲ್ಲವೋ!

ತಂಗಿಯ ಮಗನಿಗೆ ಈಗ ಎರಡು ವರ್ಷ. ಹೋದ ತಿಂಗಳು ಅವಳ ಮನೆಯಲ್ಲಿ ಉಳ್ಕೊಂಡಿದ್ದೆ. ನಡುರಾತ್ರಿ ಫೋನ್ ರಿಂಗಾಯ್ತು, ಅವಳ ಆಫೀಸಿನ ಹುಡುಗಿ, ಹೊಸ ಬಾಣಂತಿ. ತಂಗಿ ದೀಪ ಹಾಕಿ, ಎದ್ದು ಕೂತು, "ಮೊದಲು ಅಳೋದು ನಿಲ್ಸು, ಬೆನ್ನಿಗೊಂದು ದಿಂಬು ಇಟ್ಕೋ" ಅಂದಳು.