ಇಂಟರ್ನೆಟ್ ಸಂಘದ ಅಧ್ಯಕ್ಷರಿಗೆ ಏನು ಕೆಲಸ?

ದಾವಣಗೆರೆಯವರಿಗೆ ಸಂಘ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಪತ್ತಿನ ಸಹಕಾರ ಸಂಘ, ವರ್ತಕರ ಸಂಘ, ವಿದ್ಯಾಸಂಸ್ಥೆಯ ಆಡಳಿತ ಮಂಡಳಿ ಎಲ್ಲವನ್ನೂ ಈ ಊರು ಕಂಡಿದೆ. ಪಕ್ಕದ ಹರಿಹರ ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಿಂದ ಕಾರ್ಮಿಕ ಸಂಘಗಳನ್ನು ನೋಡಿದ ಊರು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳೋದು, ಕೋರಂ ಇಲ್ಲ ಅಂತ ತಕರಾರು ತೆಗೆಯೋದು ನಮಗೆ ಹೊಸದಲ್ಲ.

ಆದರೆ ಇಂಟರ್ನೆಟ್‌ಗೂ ಇಂಥದ್ದೇ ಸಂಘಗಳಿವೆ, ಅವಕ್ಕೂ ಬೈಲಾ, ಚುನಾವಣೆ, ಖಜಾಂಚಿ ಇರುತ್ತಾರೆ ಅಂದ್ರೆ ಹೆಚ್ಚಿನವರಿಗೆ ಅಚ್ಚರಿ. ನನಗೂ ಆಗಿತ್ತು. ಎಂಜಿನಿಯರಿಂಗ್ ಓದುವಾಗ ರೌಟರ್ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಸಿದರು. ಆ ನಿಯಮಗಳನ್ನು ಮಾಡುವ ಮೇಜಿನ ಸುತ್ತ ಯಾರು ಕೂತಿರುತ್ತಾರೆ ಅಂತ ಸಿಲಬಸ್‌ನಲ್ಲಿ ಇರಲಿಲ್ಲ.

ಮಾಲೀಕರಿಲ್ಲ, ಮಂಡಳಿಗಳಿವೆ

ಇಂಟರ್ನೆಟ್‌ಗೆ ಒಬ್ಬ ಯಜಮಾನ ಇಲ್ಲ. ಕೆಲಸ ಹಂಚಿಹೋಗಿದೆ. ತಾಂತ್ರಿಕ ಮಾನದಂಡಗಳನ್ನು ರೂಪಿಸೋದು ಐಇಟಿಎಫ್. ವೆಬ್ ವಿಳಾಸಗಳ ಜಾಗತಿಕ ವ್ಯವಸ್ಥೆ ನೋಡಿಕೊಳ್ಳೋದು ಐಕ್ಯಾನ್. ಇಂಟರ್ನೆಟ್ ಎಲ್ಲರಿಗೂ ಮುಕ್ತವಾಗಿರಬೇಕು ಅಂತ ಕೆಲಸ ಮಾಡೋದು 1992ರಲ್ಲಿ ಶುರುವಾದ ಇಂಟರ್ನೆಟ್ ಸೊಸೈಟಿ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅದರ ಸ್ಥಾಪಕರಲ್ಲಿ ಪ್ರಮುಖರು. ಅದರ ಟ್ರಸ್ಟಿಗಳನ್ನು ಮೂರು ಕಡೆಯಿಂದ ಆರಿಸುತ್ತಾರೆ: ಶಾಖೆಗಳು, ಸದಸ್ಯ ಸಂಸ್ಥೆಗಳು ಮತ್ತು ಐಇಟಿಎಫ್ ಸಮುದಾಯ.

ನಮ್ಮಲ್ಲಿ ಇದಕ್ಕೆ ದೆಹಲಿ, ಚೆನ್ನೈ, ಕೋಲ್ಕತ್ತಾದಂಥ ನಗರಗಳಲ್ಲಿ ಶಾಖೆಗಳಿವೆ. ರಾಷ್ಟ್ರಮಟ್ಟದ ಮೂಲಸೌಕರ್ಯದ ಕೆಲಸ ಮಾತ್ರ ಬೇರೆಯೇ ಒಂದು ಸಂಸ್ಥೆಯ ಕೈಲಿದೆ: ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. ಲಾಭರಹಿತ ಕಂಪನಿಯಾಗಿ 2003ರಲ್ಲಿ ಹುಟ್ಟಿದ ಇದು ಕೇಂದ್ರ ಐಟಿ ಸಚಿವಾಲಯದ ಅಡಿ ಇದೆ. 2005ರಿಂದ ಡಾಟ್ ಇನ್ ವಿಳಾಸಗಳ ನೋಂದಣಿಯೂ ಇದರದ್ದೇ.

ಎಕ್ಸ್‌ಚೇಂಜ್ ಯಾಕೆ ಬೇಕು? ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ನೀವು ಹರಿಹರದಲ್ಲಿ ಕೂತು ದಾವಣಗೆರೆಯ ಗೆಳೆಯನ ಜೊತೆ ವಿಡಿಯೊ ಕಾಲ್ ಮಾಡ್ತೀರಿ. ಇಬ್ಬರದ್ದೂ ಬೇರೆ ಬೇರೆ ಕಂಪನಿಯ ಸಂಪರ್ಕ. ಆ ಎರಡು ಕಂಪನಿಗಳ ಜಾಲಗಳು ಎಲ್ಲಿ ಸೇರುತ್ತವೋ ಅಲ್ಲಿಗೆ ಹೋಗಿಯೇ ಡೇಟಾ ವಾಪಸ್ ಬರಬೇಕು. ಅದು ಬೆಂಗಳೂರಾಗಬಹುದು, ಮುಂಬೈ ಆಗಬಹುದು. ದೇಶದೊಳಗೆ ಅಂಥ ಜಾಗ ಇಲ್ಲದಿದ್ದರೆ ಡೇಟಾ ವಿದೇಶ ಸುತ್ತಿ ಬರುತ್ತೆ, ಅದರ ಖರ್ಚೂ ನಮ್ಮ ತಲೆಗೇ. ಇದನ್ನು ತಪ್ಪಿಸೋಕೆ ನಿಕ್ಸಿ ಬಂತು.

ಬೆಂಗಳೂರಿನ ಪಾಠ

ಸರ್ಕಾರದ ಹೊರಗೆ, ಸ್ವಯಂಸೇವಕರೇ ಕಟ್ಟಿದ ರಾಷ್ಟ್ರೀಯ ಇಂಟರ್ನೆಟ್ ಸಂಘವೊಂದರ ಕತೆ ಕರ್ನಾಟಕದಲ್ಲೇ ಇದೆ. ವಿಕಿಪೀಡಿಯ ಬರೆಯುವವರು ಸೇರಿ 2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ 'ವಿಕಿಮೀಡಿಯಾ ಇಂಡಿಯಾ' ನೋಂದಾಯಿಸಿದರು. ನೋಂದಣಿ ಆಗಿದ್ದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ. ನಿಮ್ಮ ಬಡಾವಣೆಯ ಯುವಕ ಸಂಘಕ್ಕೂ ಅದೇ ಕಾಯ್ದೆ: ಕನಿಷ್ಠ ಏಳು ಜನ, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ.

ಇಡೀ ದೇಶದ ಭಾಷೆಗಳ ವಿಕಿಪೀಡಿಯಗಳಿಗೆ ಆಸರೆಯಾಗಬೇಕಿದ್ದ ಸಂಘ ಅದು. 2015ರ ಹೊತ್ತಿಗೆ ಅಮೆರಿಕದ ವಿಕಿಮೀಡಿಯಾ ಫೌಂಡೇಶನ್ ಜೊತೆಗಿನ ಒಪ್ಪಂದದ ಷರತ್ತುಗಳನ್ನು ಪೂರೈಸೋದು ಕಷ್ಟವಾಯಿತು. 2017ರಲ್ಲಿ ಮತ್ತೆ ಹಳಿಗೆ ಬಂತು, ಆಮೇಲೆ ಮತ್ತೆ ತಪ್ಪಿತು. 2019ರಲ್ಲಿ ಫೌಂಡೇಶನ್ ಮಾನ್ಯತೆ ವಾಪಸ್ ಪಡೆಯಿತು.

ಗಮನಿಸಿ: ಬರಹಗಾರರು ಕೈಕೊಡಲಿಲ್ಲ, ಸರ್ವರ್ ಕೆಡಲಿಲ್ಲ. ಕನ್ನಡ ವಿಕಿಪೀಡಿಯ ನಡೆದೇ ಇತ್ತು. ತುಳು ವಿಕಿಪೀಡಿಯ 2016ರಲ್ಲಿ ಹೊರಬಂತು. ಸೋತಿದ್ದು ಆಡಳಿತ. ಕೆಲಸ, ಸಂಸಾರ ನಡುವೆ ಬಿಡುವು ಮಾಡಿಕೊಂಡು ಬಂದವರು ವರದಿ, ಅರ್ಜಿ, ಉತ್ತರಗಳ ರಾಶಿ ಹೊರಬೇಕಾಗುತ್ತೆ. ವಿದೇಶಿ ನೆರವು ಬೇಕಿದ್ದರೆ ಎಫ್‌ಸಿಆರ್‌ಎ ಕಾಯ್ದೆ ಅಡ್ಡ ಬರುತ್ತೆ. 2020ರ ತಿದ್ದುಪಡಿ ನಂತರ ಆ ಹಣ ದೆಹಲಿಯ ಒಂದೇ ಎಸ್‌ಬಿಐ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ. ಅಂದರೆ ಈ ಕಾಗದದ ಕೆಲಸಕ್ಕೆ ಒಬ್ಬ ಗುಮಾಸ್ತರನ್ನು ಇಟ್ಟುಕೊಳ್ಳೋದೂ ಸಣ್ಣ ಸಂಘಕ್ಕೆ ಕಷ್ಟ.

ಡಾಟ್ ಆರ್ಗ್ ಪಾಠ

ಕಾಗದಪತ್ರ ಸರಿ ಇದ್ದರೆ ಸಾಕಾ? ಸಾಲದು. ಇಂಟರ್ನೆಟ್ ಸೊಸೈಟಿಯ ಆದಾಯದ ದೊಡ್ಡ ಪಾಲು ಬರೋದು ಡಾಟ್ ಆರ್ಗ್ ವಿಳಾಸಗಳಿಂದ. ಅವನ್ನು ನಡೆಸುವ ಅಂಗಸಂಸ್ಥೆಯನ್ನು ಈಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ ಮಾರುತ್ತೇವೆ ಅಂತ 2019ರ ನವೆಂಬರ್‌ನಲ್ಲಿ ಘೋಷಿಸಿತು. ಬೆಲೆ 113.5 ಕೋಟಿ ಡಾಲರ್. ಶಾಖೆಗಳ ಸದಸ್ಯರಿಗೂ ಗೊತ್ತಾಗಿದ್ದು ಘೋಷಣೆಯಾದ ಮೇಲೆಯೇ.

ಪ್ರಪಂಚದ ಅನೇಕ ಸೇವಾಸಂಸ್ಥೆಗಳು ಡಾಟ್ ಆರ್ಗ್‌ನಲ್ಲಿವೆ. ನಾಳೆ ಬಾಡಿಗೆ ಏರಿಸಿದರೆ ಎಲ್ಲಿಗೆ ಹೋಗೋದು ಅಂತ ಅವು ದನಿ ಎತ್ತಿದವು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕೂಡ ಆಕ್ಷೇಪಿಸಿದರು. 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ನಿರಾಕರಿಸಿತು. ವ್ಯವಹಾರ ಮುರಿದುಬಿತ್ತು. ಮಂಡಳಿಯ ವಾದದಲ್ಲಿ ಹುರುಳಿರಲಿಲ್ಲ ಅಂತಲ್ಲ: ಒಂದೇ ಆದಾಯ ನಂಬಿ ಕೂರೋದು ಅಪಾಯ, ದೊಡ್ಡ ಮೂಲನಿಧಿ ಬಂದರೆ ಸಂಸ್ಥೆ ಭದ್ರ ಅಂತ ಅದು ಹೇಳಿತು. ಆದರೆ ಊರಿನ ಸಂಘದ ಆಸ್ತಿ ಮಾರಿ ಆಮೇಲೆ ಸದಸ್ಯರಿಗೆ ತಿಳಿಸಿದರೆ ಏನಾಗುತ್ತೆ ಅಂತ ದಾವಣಗೆರೆಯ ಯಾವ ನಿರ್ದೇಶಕರನ್ನು ಕೇಳಿದ್ರೂ ಹೇಳ್ತಿದ್ದರು.

ಹಾಗಾದ್ರೆ ಅಧ್ಯಕ್ಷರ ಕೆಲಸ?

ಈ ಎರಡು ಕತೆಗಳಿಂದ ಪಟ್ಟಿ ಮಾಡಬಹುದು.

• ಸಭೆ, ಲೆಕ್ಕ, ನಡಾವಳಿ, ವರದಿ ಸಮಯಕ್ಕೆ ಆಗುವಂತೆ ನೋಡೋದು. ಬೇಜಾರಿನ ಕೆಲಸ, ಆದರೆ ಸಂಘದ ಉಸಿರು ಇದೇ.
• ದೊಡ್ಡ ನಿರ್ಧಾರವನ್ನು ಮೊದಲು ಸದಸ್ಯರ ಮುಂದಿಡೋದು, ಆಮೇಲೆ ಸಹಿ.
• ಮಂಡಳಿ ದಾರಿ ತೋರಿಸಬೇಕು, ದಿನನಿತ್ಯದ ಕೆಲಸ ಸಿಬ್ಬಂದಿಗೆ ಬಿಡಬೇಕು. ಈ ಗೆರೆ ಅಧ್ಯಕ್ಷರೇ ಕಾಯಬೇಕು.
• ತಮ್ಮ ಕಂಪನಿಗೋ ಬಂಧುಗಳಿಗೋ ಲಾಭವಾಗುವ ವಿಷಯ ಬಂದಾಗ ಎದ್ದು ಹೊರಗೆ ಹೋಗೋದು.
• ಮುಂದಿನ ತಂಡವನ್ನು ತಯಾರು ಮಾಡೋದು. ಒಬ್ಬರ ಮೇಲೆ ನಿಂತ ಸಂಘ ಅವರ ಜೊತೆಗೇ ಮುಗಿಯುತ್ತೆ.

ತಂತ್ರಜ್ಞಾನ ಗೊತ್ತಿದ್ದರೆ ಒಳ್ಳೆಯದು. ಆದರೆ ಪಟ್ಟಿಯಲ್ಲಿ ಒಂದಾದರೂ ತಾಂತ್ರಿಕ ಕೆಲಸ ಇದೆಯಾ ನೋಡಿ.

ನಮಗೆ ಯಾಕೆ ಬೇಕು?

ಕನ್ನಡ ಲಿಪಿಯಲ್ಲೇ '.ಭಾರತ' ವಿಳಾಸ ಇದೆ. ಮಂಡಿಪೇಟೆಯ ವರ್ತಕರೊಬ್ಬರು ಅಂಗಡಿಯ ಹೆಸರನ್ನು ಕನ್ನಡದಲ್ಲೇ ವೆಬ್ ವಿಳಾಸ ಮಾಡಿಕೊಳ್ಳಬಹುದು. ಇದರ ಹಿಂದೆ ಅಕ್ಷರಗಳ ಪಂಚಾಯಿತಿಯೇ ನಡೆದಿದೆ. ಕನ್ನಡದ ಗ, ಲ ಅಕ್ಷರಗಳು ತೆಲುಗಿನವನ್ನು ಹೋಲುತ್ತವೆ. ಯಾರೋ ತೆಲುಗು ಅಕ್ಷರ ಬಳಸಿ ನಿಮ್ಮ ಬ್ಯಾಂಕಿನ ಹೆಸರಿನಂತೆಯೇ ಕಾಣುವ ವಿಳಾಸ ಮಾಡಿಕೊಂಡರೆ? ಅದನ್ನು ತಡೆಯುವ ನಿಯಮಗಳನ್ನು ಐಕ್ಯಾನ್‌ಗಾಗಿ ನಮ್ಮ ಲಿಪಿಗಳನ್ನು ಬಲ್ಲವರ ಸಮಿತಿಯೊಂದು ರೂಪಿಸಿತು. ಹೀಗಿದ್ದೂ ಕನ್ನಡದ ಇಮೇಲ್ ವಿಳಾಸ ಹಾಕಿದರೆ 'ತಪ್ಪು ವಿಳಾಸ' ಅನ್ನುವ ಅರ್ಜಿ ನಮೂನೆಗಳು ಇಂದಿಗೂ ಬೇಕಾದಷ್ಟಿವೆ. ಇದನ್ನು ಸರಿಮಾಡಿ ಅಂತ ಒತ್ತಾಯಿಸಬೇಕಾದ ಮೇಜುಗಳಲ್ಲಿ ಕನ್ನಡ ಟೈಪ್ ಮಾಡುವವರು ಕೂತಿರಬೇಕು.

ಇಂಟರ್ನೆಟ್ ಸೊಸೈಟಿಗೆ ವ್ಯಕ್ತಿಗತ ಸದಸ್ಯತ್ವ ಉಚಿತ. ಟ್ರಸ್ಟಿಗಳ ಆಯ್ಕೆಯಲ್ಲಿ ಶಾಖೆಗಳಿಗೆ ಮತವಿದೆ. ದಾವಣಗೆರೆಯಲ್ಲಿ ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಂದ ಬರುವವರಿಗೆ ಕೋಡಿಂಗ್ ಬರುತ್ತೆ. ಜೊತೆಗೆ ಮನೆಯ ಹಿರಿಯರು ಸಹಕಾರ ಸಂಘದ ಸಭೆಯಲ್ಲಿ ಲೆಕ್ಕ ಕೇಳೋದನ್ನು ನೋಡಿ ಬೆಳೆದವರು ಅವರಲ್ಲಿ ಅನೇಕರು. ಇಂಟರ್ನೆಟ್ ಸಂಘಗಳಿಗೆ ಬೇಕಿರೋದು ಈ ಎರಡನೇ ವಿದ್ಯೆ. ನಮ್ಮವರು ಅಲ್ಲಿಗೂ ಹೋಗಿ ಎದ್ದು ನಿಂತು ಕೇಳಲಿ: ಸ್ವಾಮಿ, ಕೋರಂ ಇದೆಯಾ?