ಪತ್ರಿಕೆಯಲ್ಲಿ ಭೂಮಿಯ ಧಾರಣೆ

ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ತೊಗರಿ, ಉದ್ದು, ಸೋಯಾ ಬೆಳೆಯುವ ರೈತನು ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಪೇಟೆ ಧಾರಣೆಯನ್ನು ಹುಡುಕುತ್ತಾನೆ. ಕ್ವಿಂಟಲ್ಲಿಗೆ ನಿನ್ನೆ ಎಷ್ಟಿತ್ತು, ಇಂದು ಎಷ್ಟು ಇಳಿಯಿತು ಎಂಬುದು ಅಲ್ಲಿ ಅಚ್ಚಾಗಿರುತ್ತದೆ. ಆದರೆ ಆ ತೊಗರಿ ಬೆಳೆದ ಹೊಲದ ಧಾರಣೆಯನ್ನು ಯಾವ ಪತ್ರಿಕೆಯೂ ದಿನದಿನವೂ ಅಚ್ಚುಮಾಡುವುದಿಲ್ಲ. ಹಾಗಾದರೆ ಭೂಮಿಯ ವ್ಯಾಪಾರ ಬಿದ್ದಿದೆಯೆಂದು ವಾಚಕರು ಅರಿಯುವುದು ಹೇಗೆ?

ಭೂಮಿಯ ವ್ಯವಹಾರವನ್ನು ನಾಲ್ವರಿಗೆ ತಿಳಿಯುವಂತೆ ಸಾರುವುದು ನಮ್ಮ ಸೀಮೆಗೆ ಹೊಸತಲ್ಲ. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ದತ್ತಿಯ ಭೂಮಿಯನ್ನು ಗಳೆಯಿಂದ ಅಳೆದು, ಮತ್ತರಿನ ಲೆಕ್ಕವನ್ನೂ ಸೀಮೆಯ ಗುರುತುಗಳನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಹೈದರಾಬಾದ್ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ಸೇರಿ, 1949ರಲ್ಲಿ ಜಾಗೀರುಗಳು ರದ್ದಾಗಿ, 1950ರಲ್ಲಿ ಗೇಣಿ ಕಾಯಿದೆ ಬಂದಮೇಲೆ ಹೊಲದ ಹಕ್ಕು ಉಳುವವನ ಕಡೆಗೆ ವಾಲಿತು. ಕಾಲಕ್ರಮದಲ್ಲಿ ಪಟ್ಟಣ ಬೆಳೆದಂತೆ ಅದರ ಅಂಚಿನ ಹೊಲಗಳು ನಿವೇಶನಗಳಾಗಿ ಪೇಟೆಯ ಸರಕಾದವು.

ಈ ಸರಕಿನ ಸ್ವಭಾವವೇ ಬೇರೆ. ಉಳ್ಳಾಗಡ್ಡಿಯ ಬೆಲೆ ಕುಸಿದರೂ ಕೊಳೆಯುವ ಭಯದಿಂದ ಮಾರಲೇಬೇಕು. ಭೂಮಿ ಕೊಳೆಯದು; ಒಡೆಯನು ಹಳೆಯ ಬೆಲೆಯನ್ನೇ ಹೇಳುತ್ತ ಕುಳಿತಿರಬಲ್ಲನು. ಆದ್ದರಿಂದ ಇಲ್ಲಿ ಬೆಲೆ ಬೀಳುವುದಕ್ಕೆ ಮೊದಲೇ ಕೊಳ್ಳುವವರು ಕಾಣೆಯಾಗುತ್ತಾರೆ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ, ಖರೀದಿಪತ್ರದಲ್ಲಿ ಕಾಣಿಸದ ನಗದನ್ನು ನೆಚ್ಚಿಕೊಂಡಿದ್ದ ವ್ಯಾಪಾರ ದೇಶದಲ್ಲೆಲ್ಲ ಮಂಕಾಯಿತು. ಇಂಥ ದಿನಗಳಲ್ಲಿಯೂ ಬಡಾವಣೆಗಳ ಬಣ್ಣದ ಜಾಹೀರಾತುಗಳು ನಿಲ್ಲುವುದಿಲ್ಲ. ಕೊಳ್ಳುವವರು ಕಡಮೆಯಾದಷ್ಟೂ ಕರೆಯುವ ದನಿ ಜೋರಾಗುವುದುಂಟು.

ಆದುದರಿಂದ ಸಣ್ಣ ಅಕ್ಷರದ ಪ್ರಕಟಣೆಗಳನ್ನು ಓದಿರಿ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಸಾಲ ತೀರದಿದ್ದರೆ ಒತ್ತೆಯ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆ ಸಂಗತಿಯನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲೊಂದು ಆ ಸ್ಥಳದ ಭಾಷೆಯದಾಗಿರಬೇಕು ಎಂಬುದು ನಿಯಮ. ಬಾಕಿಯ ಮೊತ್ತ, ಆಸ್ತಿಯ ವಿವರ, ಎಲ್ಲವೂ ಅಲ್ಲಿ ಬಯಲಿಗೆ ಬರುತ್ತವೆ. ಒಂದೆರಡು ಪ್ರಕಟಣೆಗಳು ಒಂದೆರಡು ಮನೆಗಳ ಸಂಕಟವನ್ನು ಹೇಳುತ್ತವೆ. ತಿಂಗಳಿಂದ ತಿಂಗಳಿಗೆ ಅವು ಹೆಚ್ಚಿದರೆ, ಒಂದೇ ಆಸ್ತಿ ಮತ್ತೆ ಮತ್ತೆ ಹರಾಜಿಗೆ ಬಂದು ಅದರ ಮೂಲ ಬೆಲೆ ಇಳಿಯುತ್ತಿದ್ದರೆ, ಅದೇ ಭೂಮಿಯ ನಿಜವಾದ ಧಾರಣೆ.

ಇನ್ನೊಂದು ಮಾತನ್ನು ರೈತ ಬಂಧುಗಳು ನೆನಪಿಡಬೇಕು. ಸಾಗುವಳಿ ಭೂಮಿಯ ಒತ್ತೆಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಹೊಲವನ್ನು ಬೇಸಾಯೇತರ ಬಳಕೆಗೆ ಪರಿವರ್ತಿಸಿ, ನಿವೇಶನಗಳಾಗಿ ಒಡೆದು, ಅದರ ಮೇಲೆ ಸಾಲ ಎತ್ತಿದರೆ ಆ ಆಸರೆ ತಪ್ಪುತ್ತದೆ. ಹೊಲ ಮಾರಿ ಬೀದರಿನಲ್ಲಿ ನಿವೇಶನ ಕೊಳ್ಳೋಣವೆಂಬ ಮಾತು ಮನೆಯಲ್ಲಿ ಎದ್ದಾಗ, ಒಂದು ವರ್ಷದ ಹಳೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಆ ಮೂಲೆಗಳನ್ನು ಓದಿ ನೋಡಿರಿ. ಬಳಿಕ ನಿರ್ಧಾರ ನಿಮ್ಮದು.